ಮುದ್ದೇಮಾಲಿನ ಟಗರು

ನಾನು ಪದವಿಗೆ ಅಪರಾಧಶಾಸ್ತ್ರ ತೆಗೆದುಕೊಂಡಿದ್ದೇನೆ ಎಂದಾಗ ಅದು ಏನು ಎತ್ತ ಎಂದು ನಮ್ಮೂರಿನಲ್ಲಿ ಯಾರಿಗೂ ತಿಳಿಯಲಿಲ್ಲ. ಅಪ್ಪ ತನಗೆ ತಿಳಿದಂತೆ ಎಲ್ಲರಿಗೂ ಹೇಳಿಕೊಂಡು ಬಂದ. "ನನ್ನ ಮಗಳು ಕಳ್ಳರ ಸಾಲಿಗಿ ಹೋಗಾಕತ್ತಾಳ" ಎನ್ನುತ್ತಿದ್ದ. ಕಳ್ಳರ ಶಾಲೆ ಎಂದೊಡನೆ ಜನ ನಗುತ್ತಿದ್ದರು, ನನಗೆ ಸಿಟ್ಟು ಬರುತ್ತಿತ್ತು. ಈಗ ಕೋರ್ಸು ಮುಗಿದಿದೆ. ಅದಕ್ಕೆ ಇದಕ್ಕಿಂತ ಒಪ್ಪುವ ಹೆಸರು ನನಗೂ ಹೊಳೆದಿಲ್ಲ.

ನಮ್ಮದು ಅಕ್ಕಲಕೋಟ ತಾಲೂಕಿನ ಹಳ್ಳಿ. ಸ್ವಲ್ಪ ಹೊಲ, ಅದಕ್ಕಿಂತ ಹೆಚ್ಚು ಕುರಿ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಬೈಯುವಾಗ ಎರಡೂ. ಹತ್ತನೆಯ ತನಕ ಕನ್ನಡ ಶಾಲೆಯಲ್ಲಿ ಕಲಿತೆ, ಆಮೇಲೆ ಓದಿದ್ದೆಲ್ಲ ಮರಾಠಿ. ಕಾಲೇಜು ಸೊಲ್ಲಾಪುರದಲ್ಲಿ. ಬೆಳಿಗ್ಗೆ ಎಸ್‌ಟಿ ಬಸ್ಸಿನಲ್ಲಿ ನಿಂತುಕೊಂಡೇ ಹೋಗುವುದು. ಬಸ್ಸು ತಪ್ಪಿದರೆ ರೈಲು. ರೈಲು ಹೋಟಗಿಯಲ್ಲಿ ಸಿಗ್ನಲ್ ಸಿಗದೆ ನಿಂತಿತೆಂದರೆ ಮೊದಲನೇ ತರಗತಿಯ ಆಸೆ ಬಿಟ್ಟ ಹಾಗೆ.

ತಪ್ಪಿದರೂ ದೊಡ್ಡ ನಷ್ಟವೇನೂ ಇರಲಿಲ್ಲ. ತರಗತಿಯಲ್ಲಿ ಹುಡುಗರೇ ಹೆಚ್ಚು, ಅವರಲ್ಲಿ ಮುಕ್ಕಾಲು ಮಂದಿ ಪೊಲೀಸ್ ಭರತಿಗೆ ತಯಾರಿ ನಡೆಸಿದವರು. ನಸುಕಿನಲ್ಲಿ ಮೈದಾನದಲ್ಲಿ ಓಡಿ, ಬೆವರು ಆರುವ ಮೊದಲೇ ಬಂದು ಹಿಂದಿನ ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದರು. ಪಾಠ ಮಾಡುವ ಸರ್ ಅಂಚು ಹಳದಿಯಾದ ನೋಟ್ಸ್ ಹಿಡಿದು ಬರೆಸುತ್ತಿದ್ದರು. ನಡುವೆ ಸರ್ಕಾರ ದಂಡಸಂಹಿತೆಯನ್ನೇ ತೆಗೆದು ಹೊಸದು ತಂದಿತು, ಕಲಮುಗಳ ಅಂಕಿಗಳೆಲ್ಲ ಅದಲುಬದಲಾದವು. ಸರ್ ಮಾತ್ರ ನೋಟ್ಸ್ ಬದಲಿಸಲಿಲ್ಲ. ಪೇಪರು ತಿದ್ದುವವರಿಗೂ ಹೊಸದು ಗೊತ್ತಿಲ್ಲ, ಹಳೆಯದನ್ನೇ ಬರೆಯಿರಿ ಎಂದರು. ಕೊಲೆಗೆ ಯಾವ ಕಲಮು ಎಂದು ಈಗಲೂ ಯಾರಾದರೂ ಕೇಳಿದರೆ ನನ್ನ ಬಾಯಿಗೆ ಮೊದಲು ಬರುವುದು ಹಳೆಯ ಅಂಕಿಯೇ.

ಆದರೂ ಒಂದು ಪಾಠ ನನಗೆ ಹಿಡಿಸಿತ್ತು. ಮುದ್ದೇಮಾಲು, ಅಂದರೆ ಪೊಲೀಸರು ಅಪರಾಧದ ಪುರಾವೆಯೆಂದು ವಶಕ್ಕೆ ತೆಗೆದುಕೊಂಡ ವಸ್ತು. ಅದು ಸಿಕ್ಕ ಗಳಿಗೆಯಿಂದ ನ್ಯಾಯಾಧೀಶರ ಮೇಜಿನ ತನಕ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದರಲ್ಲಿ ಒಂದು ಕೊಂಡಿಯೂ ತಪ್ಪಬಾರದು, ತಪ್ಪಿದರೆ ಪುರಾವೆಗೆ ಬೆಲೆಯಿಲ್ಲ. ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಬಾಯಿಪಾಠ ಮಾಡಿದ್ದೆ. ಎಷ್ಟು ಶಿಸ್ತಿನ ಮಾತು, ಇಂಥದ್ದಕ್ಕಾಗಿಯೇ ಓದಬೇಕು ಅನಿಸಿತ್ತು.

ನಾನು ಕಾಲೇಜು ಸೇರಿದಾಗ ಅಪ್ಪ ಬೀರಪ್ಪನಿಗೆ ಹರಕೆ ಹೊತ್ತಿದ್ದ. ಮಗಳು ಪದವಿ ಮುಗಿಸಿದ ವರ್ಷ ಒಂದು ಟಗರು ಕೊಡುವುದು. ಹಿಂಡಿನಿಂದ ಒಂದು ಕರಿ ಮರಿಯನ್ನು ಆರಿಸಿ ದೇವರ ಹೆಸರಿಗೆ ಬಿಟ್ಟ. ನಮ್ಮ ಎಲ್ಲ ಕುರಿಗಳಿಗೂ ಎಡಗಿವಿಯ ತುದಿಯಲ್ಲಿ ಒಂದು ಸೀಳು ಇರುತ್ತದೆ. ಒಂದೊಂದು ಮನೆತನಕ್ಕೆ ಒಂದೊಂದು ಗುರುತು, ಹಿಂಡುಗಳು ಬೆರೆತರೂ ಬೇರೆ ಮಾಡಲು ತೊಡಕಾಗದು. ಎಳೆಯ ಮರಿಗೇ ಸೀಳುವುದರಿಂದ ಗಾಯ ಮಾಯ್ದು, ಕಿವಿ ಹುಟ್ಟಿದ್ದೇ ಹಾಗೆಂಬಂತೆ ಕಾಣುತ್ತದೆ.

ದೇವರದೆಂದು ಆ ಟಗರಿಗೆ ಯಾರೂ ಕೋಲು ಎತ್ತುತ್ತಿರಲಿಲ್ಲ. ಅದಕ್ಕೂ ಅದು ಗೊತ್ತಾಗಿಹೋಗಿತ್ತು. ನೀರು ತರುವ ಹೆಂಗಸರನ್ನು ಹಿಂದಿನಿಂದ ಗುದ್ದುವುದು, ಒಣಹಾಕಿದ ಕಾಳಿಗೆ ಬಾಯಿ ಹಾಕುವುದು, ಬಾಗಿಲಲ್ಲಿ ಅಡ್ಡ ಮಲಗುವುದು. "ಓದಾಕ ನೀ ಹೋಗ್ತಿ, ಸೊಕ್ಕು ಅದಕ್ಕ ಬಂದದ" ಎಂದು ಅವ್ವ ನನ್ನನ್ನು ಅಣಕಿಸುತ್ತಿದ್ದಳು. ಕಾಲೇಜಿನಿಂದ ಬಂದಾಗ ನನ್ನ ಚೀಲಕ್ಕೆ ಮೂತಿ ಹಾಕಿ ಡಬ್ಬಿಯಲ್ಲಿ ಉಳಿದದ್ದನ್ನು ಕೇಳುವಷ್ಟು ಸಲಿಗೆ ಅದಕ್ಕಿತ್ತು.

ನಾನು ಎರಡನೇ ವರ್ಷದಲ್ಲಿದ್ದಾಗ ಅದು ಕಳವಾಯಿತು. ಹಾಡಹಗಲೇ ಒಬ್ಬ ಪಿಕಪ್ ಗಾಡಿಯಲ್ಲಿ ಹಾಕಿಕೊಂಡು ಹೊರಟಿದ್ದ. ಮುಂದಿನ ಊರಿನವರು ಗಾಡಿ ತಡೆದು, ಅವನಿಗೆ ನಾಲ್ಕು ಬಾರಿಸಿ, ಠಾಣೆಗೆ ಒಪ್ಪಿಸಿದರು. ಯಾವ ಠಾಣೆ ಎಂದು ಕೇಳಬೇಡಿ, ಜಿಲ್ಲೆಯಲ್ಲಿ ಠಾಣೆಗಳಿಗೇನು ಬರವೇ. ಪಂಚನಾಮೆಯಾಯಿತು. ಕರಿ ಟಗರು, ಎಡಗಿವಿಯ ತುದಿಯಲ್ಲಿ ಸೀಳು ಎಂದು ಬರೆದುಕೊಂಡರು. ಟಗರನ್ನು ಠಾಣೆಯ ಹಿಂದಿನ ಬೇವಿನ ಮರಕ್ಕೆ ಕಟ್ಟಿದರು. ಅಪ್ಪ ಬಿಡಿಸಿಕೊಳ್ಳಲು ಹೋದರೆ ಕೋರ್ಟಿನ ಹುಕುಂ ಬೇಕು ಎಂದರು. ನಾನೇ ಮರಾಠಿಯಲ್ಲಿ ಅರ್ಜಿ ಬರೆದುಕೊಟ್ಟೆ, ಹೊಸ ಕಾನೂನಿನ ಕಲಮು ಹುಡುಕಿ ಹಾಕಿದ್ದೆ. ಅದನ್ನು ಓದಿದವರು ಯಾರೂ ಇರಲಿಲ್ಲ. ಇವತ್ತು ಬರ್ತದ, ನಾಳೆ ಬರ್ತದ ಎನ್ನುತ್ತಲೇ ಹೋದರು. ಅಪ್ಪ ಹೊರೆ ಮೇವು ಹೊತ್ತುಕೊಂಡು ಹೋಗಿ ಹಾಕಿ ಬರತೊಡಗಿದ.

ಅಷ್ಟರಲ್ಲಿ ಕಾಲೇಜಿನಿಂದ ನಮ್ಮನ್ನೆಲ್ಲ ಇಂಟರ್ನ್‌ಶಿಪ್ಪಿಗೆ ಕಳಿಸಿದರು. ಅವರವರ ಊರಿಗೆ ಹತ್ತಿರದ ಠಾಣೆ ಎಂದು ನನಗೆ ಸಿಕ್ಕಿದ್ದು ಅದೇ. ಒಪ್ಪವಾಗಿ ಕಾಣಬೇಕು ಎಂದು ಸರ್ ಹೇಳಿದ್ದರಿಂದ ಸೊಲ್ಲಾಪುರದ ನವಿ ಪೇಠ ಬಜಾರಿಗೆ ಹೋಗಿ ಬಿಳಿ ಅಂಗಿ, ಕರಿ ಪ್ಯಾಂಟು ತಂದೆ. ಅದನ್ನು ಹಾಕಿಕೊಂಡು ನಾನು ಮಾಡಿದ ಕೆಲಸವೆಂದರೆ ಚಹಾ ಹೇಳಿ ಬರುವುದು, ಝೆರಾಕ್ಸ್ ಮಾಡಿಸುವುದು, ಫೈಲುಗಳಿಗೆ ದಾರ ಪೋಣಿಸುವುದು. ಅಲ್ಲಿ ಒಬ್ಬ ಹವಾಲ್ದಾರ ಇದ್ದ, ನಮ್ಮ ಕಡೆಯವನೇ, ಕನ್ನಡ ಮಾತಾಡುವವನು. "ಏನ ತಂಗಿ, ಇವತ್ತ ಎಷ್ಟ ಕಳ್ಳರನ್ನ ಹಿಡದಿ?" ಎಂದು ದಿನಾ ಕೇಳಿ ತಾನೇ ನಗುತ್ತಿದ್ದ. ಹೊಟ್ಟೆಯೂ ಅವನ ಜೊತೆಗೆ ಕುಣಿಯುತ್ತಿತ್ತು. ಕೆಟ್ಟವನು ಅನಿಸಿರಲಿಲ್ಲ. ಮಧ್ಯಾಹ್ನ ಹಿಂದಕ್ಕೆ ಹೋಗಿ ನಾನು ಟಗರಿಗೆ ನೀರಿಟ್ಟು ಬರುತ್ತಿದ್ದೆ. ಅದು ಇಳಿದುಹೋಗಿತ್ತು, ಆದರೂ ನನ್ನ ಚೀಲ ಕಂಡರೆ ಮೂತಿ ಚಾಚುತ್ತಿತ್ತು.

ಒಂದು ಬುಧವಾರ ಠಾಣೆಯ ದೊಡ್ಡ ಸಾಹೇಬರಿಗೆ ವರ್ಗವಾಗಿ ಬೀಳ್ಕೊಡುಗೆ ಊಟವಿತ್ತು. ಅಂಗಳದಲ್ಲಿ ಶಾಮಿಯಾನ, ಹಾರ, ಭಾಷಣ. ಸಾಹೇಬರು ಎಷ್ಟು ಪ್ರಾಮಾಣಿಕರು ಎಂದು ಒಬ್ಬೊಬ್ಬರೂ ಎದ್ದು ಹೇಳಿದರು. ಆಮೇಲೆ ಮಟನ್ ರಸಾ, ಸುಕ್ಕಾ, ಬಿಸಿ ಜೋಳದ ಭಕ್ರಿ. ಬೆಳಿಗ್ಗೆಯಿಂದ ಕುರ್ಚಿ ಹಾಕಿ ಹಾಕಿ ನನಗೆ ಹಸಿವಾಗಿತ್ತು. ರುಚಿಯಾಗಿತ್ತು ಎಂದು ಹೇಳಲು ಈಗ ನಾಲಗೆಗೆ ನಾಚಿಕೆ, ಆದರೆ ರುಚಿಯಾಗಿತ್ತು. ಎರಡನೇ ಸಲವೂ ಹಾಕಿಸಿಕೊಂಡೆ.

ಕೈ ತೊಳೆಯಲು ಹಿಂದಕ್ಕೆ ಹೋದೆ. ಬೇವಿನ ಮರಕ್ಕೆ ಹಗ್ಗ ಇತ್ತು, ಟಗರು ಇರಲಿಲ್ಲ. ಪಾಯಖಾನೆಯ ಗೋಡೆಯ ಹತ್ತಿರ ಗೋಣಿಚೀಲದ ಮೇಲೆ ಚರ್ಮ ಮಡಚಿಟ್ಟಿದ್ದರು, ಅದರ ಪಕ್ಕದಲ್ಲಿ ತಲೆ. ನೊಣಗಳು ಕಣ್ಣಿಗೆ ಮುತ್ತಿದ್ದವು. ಎಡಗಿವಿಯ ತುದಿಯಲ್ಲಿ ನಮ್ಮ ಮನೆಯ ಸೀಳು.

ನಾನು ಅಲ್ಲೇ ಕೂತು ವಾಂತಿ ಮಾಡಿದೆ. ತಿಂದದ್ದೆಲ್ಲ ಬಂತು. ಬಿಳಿ ಅಂಗಿಯ ಮೇಲೆಲ್ಲ ಎಣ್ಣೆಯ ಕಲೆ. ಹವಾಲ್ದಾರ ಹಲ್ಲಿಗೆ ಕಡ್ಡಿ ಚುಚ್ಚಿಕೊಳ್ಳುತ್ತ ಬಂದ.

"ಯಾಕ ತಂಗಿ, ಖಾರ ಹೆಚ್ಚಾತೇನು?"

"ಅದು ಮುದ್ದೇಮಾಲ ಅಲ್ರಿ?" ಎಂದೆ.

"ಹೊಟ್ಟಿ ಉಬ್ಬಿತ್ತವ್ವಾ, ಸಾಯಾಕ ಆಗಿತ್ತು. ಸತ್ತ ಮ್ಯಾಲ ಹುಗದ ಏನ ಮಾಡೂದದ? ಜೀವ ಇದ್ದಾಗ ಕೊಯ್ದ್ವಿ." ಆಮೇಲೆ ತುಸು ಬಾಗಿ, ಮನೆಯ ಹಿರಿಯ ಸಮಾಧಾನ ಹೇಳುವ ಹಾಗೆ ಹೇಳಿದ: "ನೀ ಚಿಂತಿ ಮಾಡಬ್ಯಾಡ. ಕೋರ್ಟಿಗಿ ಟಗರ ಬೇಕು, ಟಗರ ಕೊಡ್ತೀವಿ."

ನನಗೆ ಅವನ ಮುಖ ನೋಡಲಾಗಲಿಲ್ಲ. ಮೀಸೆಯಲ್ಲಿ ರಸಾ ಅಂಟಿಕೊಂಡಿತ್ತು.

ಅವತ್ತು ಸಂಜೆ ಮನೆಗೆ ಹೋದವಳೇ ಅಪ್ಪನಿಗೆ ಎಲ್ಲ ಹೇಳಿದೆ. ತಿಂದದ್ದನ್ನೂ ಹೇಳಿದೆ. ಅವ್ವ ಸೆರಗು ಬಾಯಿಗೆ ಹಿಡಿದು ಅಳತೊಡಗಿದಳು. ಅಪ್ಪ ಹಗ್ಗ ಹೊಸೆಯುತ್ತಿದ್ದ, ಕೈ ನಿಲ್ಲಿಸಲಿಲ್ಲ. "ತಲಿ ಎಲ್ಲಿ ಒಗದ್ರು?" ಎಂದು ಕೇಳಿದ. ಹರಕೆಯ ಟಗರಿನ ತಲೆ ದೇವರ ಮುಂದೆ ಇಡುವಂಥದ್ದು. ನಾಯಿ ಎಳೆದುಕೊಂಡು ಹೋಗಿರಬೇಕು ಎಂದೆ. ಅವನು ಎದ್ದು ಕುರಿಯ ಹಟ್ಟಿಯ ಕಡೆಗೆ ಹೋದ.

ಕಾಲೇಜಿನಲ್ಲಿ ಏನಾದರೂ ಆಗುತ್ತದೆ ಎಂದು ನಂಬಿದ್ದೆ. ಇಂಟರ್ನ್‌ಶಿಪ್ಪಿನ ವರದಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆದು ಸರ್ ಮುಂದೆ ಇಟ್ಟೆ. ಅವರು ಓದುತ್ತ ಓದುತ್ತ ನಗಲು ಶುರು ಮಾಡಿದರು. ಪಕ್ಕದ ಮೇಜಿನ ಮೇಡಮ್ಮನ್ನು ಕರೆದು, ನೋಡಿ, ಪುರಾವೆಯನ್ನು ಇವಳೇ ಅರಗಿಸಿಕೊಂಡಿದ್ದಾಳೆ ಎಂದು ಮರಾಠಿಯಲ್ಲಿ ಹೇಳಿದರು. ಮೇಡಮ್ಮೂ ನಕ್ಕರು. ನಗು ಮುಗಿದ ಮೇಲೆ ಸರ್ ಗಂಭೀರರಾದರು. ಠಾಣೆಯವರ ಜೊತೆ ಕಾಲೇಜಿನ ಸಂಬಂಧ ಕೆಡಬಾರದು, ಮುಂದಿನ ವರ್ಷದ ಮಕ್ಕಳನ್ನು ಎಲ್ಲಿಗೆ ಕಳಿಸಬೇಕು, ನಿನ್ನ ಇಂಟರ್ನ್‌ಶಿಪ್ಪಿನ ಸರ್ಟಿಫಿಕೇಟಿಗೆ ಸಹಿ ಹಾಕುವವರು ಅವರೇ ತಾನೇ ಎಂದರು. ಆ ಪುಟವನ್ನು ಅಲ್ಲೇ ಹರಿದು, ನಾಲ್ಕಾಗಿ ಮಡಚಿ, ಚಹಾದ ಕಪ್ಪಿನ ಕೆಳಗೆ ಇಟ್ಟುಕೊಂಡರು. ಮೇಜಿಗೆ ಕಲೆಯಾಗಬಾರದಲ್ಲ.

ಆಮೇಲೆ ಆ ಸರ್ ಪುರಾವೆ, ಪ್ರಾಮಾಣ್ಯ ಎಂದು ಬರೆಸುವಾಗಲೆಲ್ಲ ನಾನು ಪೆನ್ನು ಕೆಳಗಿಡುತ್ತಿದ್ದೆ. ಮಟನ್ ಅಂತೂ ಬಿಟ್ಟೇಬಿಟ್ಟೆ. ಕುರಿ ಸಾಕುವವರ ಮನೆಯಲ್ಲಿ ಹುಟ್ಟಿ ಮಟನ್ ವಾಸನೆಗೆ ಮೂಗು ಮುಚ್ಚಿಕೊಳ್ಳುವುದು ನೋಡಿ ಬಳಗದವರು ನನಗೆ ಓದಿನ ಡೌಲು ಬಂದಿದೆ ಎಂದುಕೊಂಡರು.

ಮೂರನೇ ವರ್ಷದಲ್ಲಿ ಕೇಸು ಸಾಕ್ಷಿಗೆ ಬಂತು. ಅಪ್ಪನಿಗೆ ಸಮನ್ಸ್ ಬಂದ ಬೆನ್ನಿಗೇ ಹವಾಲ್ದಾರನೂ ಬಂದ. ಕಟ್ಟೆಯ ಮೇಲೆ ಕೂತು, ಅವ್ವ ಕೊಟ್ಟ ಚಹಾ ಸುರ್ರೆಂದು ಕುಡಿದು, ವಿಷಯಕ್ಕೆ ಬಂದ.

"ಕಾಕಾ, ನಾಳಿ ಕೋರ್ಟಿನ್ಯಾಗ ಒಂದ ಟಗರ ತೋರಸ್ತೀವಿ. ನಂದ ಅಂತ ಅನ್ನು, ಮುಗೀತು. ಅಲ್ಲ ಅಂದ್ರ ಕಳ್ಳ ಬಿಟ್ಟ ಹೋಗ್ತಾನ. ನಿನಗ ಟಗರೂ ಇಲ್ಲ."

ಹವಾಲ್ದಾರ ನನ್ನ ಕಡೆ ತಿರುಗಿ, "ತಂಗಿ ಸರ್ಟಿಫಿಕೇಟ ಇನ್ನಾ ಸಹಿಗಿ ಹಂಗ ಬಿದ್ದದ ನೋಡು. ಹೊಸ ಸಾಹೇಬ್ರಿಗಿ ನೆನಪ ಮಾಡಿ ಕೊಡಸ್ತೀನಿ" ಎಂದ. ಅದು ಬೆದರಿಕೆ ಎಂದು ತಿಳಿಯಲು ಅಪರಾಧಶಾಸ್ತ್ರ ಬೇಕಾಗಿರಲಿಲ್ಲ. ಅವ್ವನಿಗೂ ತಿಳಿಯಿತು, ಕಪ್ಪು ಎತ್ತಿಕೊಂಡು ಒಳಗೆ ಹೋದಳು.

ಅವನು ಹೋದ ಮೇಲೆ ನಾನು ಅಪ್ಪನ ಬೆನ್ನು ಹತ್ತಿದೆ. "ಅಪ್ಪಾ, ಖರೇ ಹೇಳು. ಈ ಟಗರ ನಂದಲ್ಲ, ನಂದು ಎಲ್ಲಿ ಹೋತು ಅಂತ ಜಡ್ಜ್ ಸಾಹೇಬ್ರನ್ನ ಕೇಳು. ಅಷ್ಟ ಸಾಕು."

"ಕಳ್ಳ ಕಳವ ಮಾಡ್ಯಾನೋ ಇಲ್ಲೋ?"

"ಮಾಡ್ಯಾನ."

"ಮತ್ತ?"

ಆ "ಮತ್ತ"ಕ್ಕೆ ನಾನು ಓದಿದ್ದೆಲ್ಲ ಹೇಳಿದೆ. ಕೊಂಡಿಯ ಮಾತು ಹೇಳಿದೆ, ಸುಳ್ಳು ಸಾಕ್ಷಿಯ ಶಿಕ್ಷೆ ಹೇಳಿದೆ. ನನ್ನ ಸರ್ಟಿಫಿಕೇಟು ಹಾಳಾಗಿ ಹೋಗಲಿ, ನನಗೆ ಬೇಡ ಎಂದೂ ಹೇಳಿದೆ. ಅವನು ಕುರಿಗಳ ಗೊರಸು ನೋಡುತ್ತ, ಹೂಂ ಹೂಂ ಎನ್ನುತ್ತ ಕೇಳಿಸಿಕೊಂಡ. ಕೊನೆಗೆ ಬಹುಶಃ ಒಪ್ಪಿದ್ದಾನೆ ಎಂದು ನಾನೇ ಅಂದುಕೊಂಡೆ.

ಮರುದಿನ ಕೋರ್ಟಿನಲ್ಲಿ ಹಿಂದಿನ ಬೆಂಚಿನ ಮೇಲೆ ಕೂತೆ. ಟಗರನ್ನು ಬಾಗಿಲ ತನಕ ಎಳೆದು ತಂದರು. ಕರಿ ಟಗರು, ನಿಜ. ಆದರೆ ನಮ್ಮದಕ್ಕಿಂತ ಗಿಡ್ಡ, ಕೋಡಿನ ಸುತ್ತು ಬೇರೆ, ಮುಖದಲ್ಲಿ ಆ ಸೊಕ್ಕಿಲ್ಲ. ಪಂಚನಾಮೆಯಲ್ಲಿ ಸೀಳು ಎಂದು ಬರೆದಿತ್ತಲ್ಲ, ಅದಕ್ಕೇ ಮೊನ್ನೆ ಮೊನ್ನೆ ಬೆಳೆದ ಟಗರಿನ ಎಡಗಿವಿಯನ್ನು ಹರಿದಿದ್ದರು. ಗಾಯ ಮಾಗಿರಲಿಲ್ಲ. ಕಿವಿ ಬಾತು ಕೀವು ಇಳಿಯುತ್ತಿತ್ತು. ಫ್ಯಾನಿನ ಗಾಳಿಗೆ ಅದರ ನಾತ ಕೋಣೆಯೆಲ್ಲ ತುಂಬಿತು. ನ್ಯಾಯಾಧೀಶರು ಕರವಸ್ತ್ರ ಮೂಗಿಗೆ ಹಿಡಿದು, ಬೇಗ ಮುಗಿಸಿ ಎಂದು ಕೈಸನ್ನೆ ಮಾಡಿದರು. ಸರ್ಕಾರಿ ವಕೀಲರು ಕಾಗದಗಳಿಂದ ಗಾಳಿ ಬೀಸಿಕೊಂಡರು. ಹವಾಲ್ದಾರ ಗೋಡೆಗೆ ಆತು ನಿಂತಿದ್ದ.

ಗುಮಾಸ್ತ ಹೇಳಿಕೊಟ್ಟಂತೆ ಅಪ್ಪ ಮರಾಠಿಯಲ್ಲಿ ಪ್ರಮಾಣ ಮಾಡಿದ. ದೇವರ ಆಣೆಗೂ ನಿಜ ಹೇಳುತ್ತೇನೆ, ಸುಳ್ಳು ಹೇಳುವುದಿಲ್ಲ. ಇದು ನಿನ್ನ ಟಗರು ಹೌದೇ ಎಂದು ಕೇಳಿದರು. ಅಪ್ಪ ಟಗರನ್ನು ಸರಿಯಾಗಿ ನೋಡಲೂ ಇಲ್ಲ.

"ಹೌದ್ರಿ, ನಂದ."

ಕಳ್ಳನ ಪರ ವಕೀಲರು ಎದ್ದು, ಕರಿ ಟಗರುಗಳೆಲ್ಲ ಒಂದೇ ಥರ ಇರುತ್ತವೆ, ನಿನ್ನದೇ ಎಂದು ಹೇಗೆ ಹೇಳುತ್ತೀ ಎಂದು ಕೇಳಿದರು. ಅಪ್ಪ ತಲೆಯೆತ್ತಿ, ಎದೆ ಸೆಟೆಸಿ ನಿಂತ. "ಹೊಟ್ಟಿ ಮಕ್ಕಳ ಗುರುತ ಹತ್ತೂದಿಲ್ಲೇನ್ರಿ ಸಾಹೇಬ್ರ? ನಂದ ನನಗ ಗೊತ್ತಾಗ್ತದ." ಎಷ್ಟು ನಿಜವಾದ ಮಾತು ಅದು, ಎಂಥ ಸುಳ್ಳಿಗೆ ಬಳಸಿದ! ಕೋರ್ಟಿನಲ್ಲಿ ಕೆಲವರು ತಲೆದೂಗಿದರು. ವಕೀಲರು ಕುಳಿತುಬಿಟ್ಟರು. ಕೀವು ಸೋರುವ ಕಿವಿಯ ಬಗ್ಗೆ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ.

ಕಟಕಟೆಯಲ್ಲಿದ್ದ ಕಳ್ಳ ಟಗರನ್ನು ನೋಡಿದ, ಅಪ್ಪನನ್ನು ನೋಡಿದ, ಹಲ್ಲು ಬಿಟ್ಟು ನಕ್ಕ. ಅವನಿಗೂ ಗೊತ್ತಾಗಿತ್ತು. ಆದರೆ ಇದು ನಾನು ಕದ್ದ ಟಗರಲ್ಲ ಎಂದು ಹೇಳಲು ಅವನಿಗೆಲ್ಲಿಯ ಬಾಯಿ? ಅಷ್ಟು ಜನರ ನಡುವೆ ನನಗೆ ಅವನೊಬ್ಬನ ನಗು ಮಾತ್ರ ಅರ್ಥವಾಯಿತು. ಅದಕ್ಕೂ ಹೇಸಿಗೆಯಾಯಿತು.

ಅವನಿಗೆ ಮುಂದೆ ಶಿಕ್ಷೆಯಾಯಿತು. ಟಗರನ್ನು ಅವತ್ತೇ ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡು ಒಪ್ಪಿಸಿದರು. ಹವಾಲ್ದಾರ ಅಪ್ಪನ ಬೆನ್ನು ತಟ್ಟಿ, ನನ್ನ ಕೈಗೆ ಒಂದು ಲಕೋಟೆ ಕೊಟ್ಟ. ಒಳಗೆ ಸರ್ಟಿಫಿಕೇಟು, ಸಹಿ, ಮೊಹರಿನ ಸಮೇತ. ಮೊದಲೇ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದ.

ಊರ ಕಡೆಗೆ ಹೋಗುವ ಟೆಂಪೋಗಾಗಿ ರಸ್ತೆಯ ಪಕ್ಕ ಹುಣಸೆಮರದ ಕೆಳಗೆ ನಿಂತೆವು. ನಾನು, ಅಪ್ಪ, ಆ ಟಗರು. ಅಲ್ಲಿಯ ತನಕ ತಡೆದುಕೊಂಡವಳು ಅಲ್ಲಿ ಒಡೆದೆ.

"ನನಗ ನಾಚಿಕಿ ಬರ್ತದಪ್ಪಾ. ಅವರಂತೂ ಅಂಥವರು. ನೀ ದೇವರ ಆಣಿ ಮಾಡಿ ಸುಳ್ಳ ಹೇಳಿದಿ."

ಅವನು ನಿಜವಾಗಿಯೂ ಆಶ್ಚರ್ಯಪಟ್ಟ. "ನಾ ಎಲ್ಲಿ ಆಣಿ ಮಾಡೀನಿ?"

"ಕಟಕಟ್ಯಾಗ! ದೇವರ ಆಣಿಗೂ ಅಂತ ಅನಲಿಲ್ಲೇನು?"

"ಯಾವ ದೇವರು? ಆ ಗುಮಾಸ್ತ ಹೆಸರ ಹೇಳಿದ್ನೇನು? ಕೈಯಾಗ ಭಂಡಾರ ಕೊಟ್ನೇನು? ಭಂಡಾರ ಇಲ್ಲದ್ದು ಆಣಿ ಹ್ಯಾಂಗಾಗ್ತದವ್ವಾ? ಅವ ಅನ್ನು ಅಂದ, ನಾ ಅಂದೆ."

ಬೀರಪ್ಪನ ಮುಂದಿನ ಅರಿಶಿನ ಪುಡಿಯೇ ಭಂಡಾರ. ಅದನ್ನು ಅಂಗೈಯಲ್ಲಿ ಹಿಡಿದು ನಮ್ಮ ಜನ ಸುಳ್ಳಾಡುವುದಿಲ್ಲ, ಪ್ರಾಣ ಹೋದರೂ ಆಡುವುದಿಲ್ಲ. ಅದು ನನಗೆ ಗೊತ್ತು. ಅದಿಲ್ಲದ ಮಾತಿಗೆ ಲೆಕ್ಕವೇ ಇಲ್ಲ ಎಂದು ಅಪ್ಪ ಇಷ್ಟು ಸಲೀಸಾಗಿ ನಂಬಿದ್ದಾನೆಂದು ಗೊತ್ತಿರಲಿಲ್ಲ. ಸೊಂಟದಲ್ಲಿ ಭಂಡಾರದ ಚೀಲ ಸಿಕ್ಕಿಸಿಕೊಂಡೇ ಅವನು ಕಟಕಟೆ ಹತ್ತಿದ್ದ.

"ಹಂಗಾದ್ರ ಈಗ ಹಿಡಿ" ಎಂದೆ. "ಹಿಡದ ಹೇಳು ನೋಡೂಣು."

ಹಿಂಜರಿಯುತ್ತಾನೆ ಎಂದುಕೊಂಡಿದ್ದೆ. ಅವನು ಕಾಲಿನ ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿಸಿದ. ಚೀಲ ಬಿಚ್ಚಿ ಅಂಗೈಗೆ ಭಂಡಾರ ಸುರಿದುಕೊಂಡ, ಹಣೆಗೆ ಮುಟ್ಟಿಸಿದ, ಒಂದೇ ಉಸಿರಿನಲ್ಲಿ ಹೇಳಿದ:

"ನನ್ನ ಟಗರ ಪೊಲೀಸ್ರು ಕೊಯ್ದ ತಿಂದಾರ. ನನ್ನ ಮಗಳು ತಿಳೀಲಾರದ ತಿಂದಾಳ. ಈ ಟಗರ ನಂದಲ್ಲ, ಯಾರದ್ದೋ ಏನೋ. ಇದರ ಕಿವಿ ಅವರ ಹರದಾರ. ಮಗಳ ಕಾಗದ ತಡೀತಾರ ಅಂತ ನಾ ನಂದ ಅಂದೀನಿ."

ಜಡ್ಜ್ ಮುಂದೆ ಹೇಳು ಎಂದು ನಾನು ಗೋಗರೆದ ಮಾತುಗಳೆಲ್ಲ ಅದರಲ್ಲಿದ್ದವು, ಒಂದೂ ಬಿಟ್ಟುಹೋಗಿರಲಿಲ್ಲ. ಕೇಳಲು ಇದ್ದದ್ದು ನಾನು ಮತ್ತು ಆ ಟಗರು. ಅವನು ಅಂಗೈಯಲ್ಲಿ ಉಳಿದ ಭಂಡಾರವನ್ನು ಅದರ ಕೀವಾದ ಕಿವಿಗೆ ಮೆತ್ತಗೆ ಒತ್ತಿದ. ಅದು ನೋವಿಗೆ ಕೊಸರಾಡಿತು, ಆಮೇಲೆ ಸುಮ್ಮನಾಯಿತು.

"ಆತಿಲ್ಲ? ಇನ್ನ ಸಿಟ್ಟ ಬಿಡು" ಎಂದು ಚಪ್ಪಲಿ ಮೆಟ್ಟಿಕೊಂಡ. ಅವನ ಮುಖದಲ್ಲಿ ಅಳುಕಿನ ಗೆರೆಯೂ ಇರಲಿಲ್ಲ. ಲಕೋಟೆ ನನ್ನ ಕೈಯ ಬೆವರಿಗೆ ಮೆತ್ತಗಾಗಿತ್ತು. ಬಾಯಿಯ ತುಂಬ ಉಗುಳು ಬಂದಿತ್ತು. ಯಾರ ಮೇಲೆ ಉಗುಳಬೇಕೋ ತಿಳಿಯದೆ, ನುಂಗಿಕೊಂಡು ಟೆಂಪೋ ಹತ್ತಿದೆ.